ಅವನು ಹುಟ್ಟಿದ ಸಂವತ್ಸರ

ವೀಳ್ಯ ಬದಲಾಯಿಸಿಕೊಂಡು ಹೋಗಿದ್ದ ಗಂಡಿನ ಕಡೆಯವರು ತಿಂಗಳೊಳಗೆ ಮತ್ತೆ ನಮ್ಮ ಮನೆ ಬಾಗಿಲಿಗೆ ಬಂದಾಗ, ಲಗ್ನದ ದಿನ ಗೊತ್ತುಮಾಡಲು ಬಂದಿದ್ದಾರೆಂದುಕೊಂಡು ಅಮ್ಮ ಒಳಗೆ ಪಾಯಸಕ್ಕೆ ಶ್ಯಾವಿಗೆ ಹುರಿಯಲು ಕೂತಳು. ನಾವಾಗ ಅರಸೀಕೆರೆಯಲ್ಲಿದ್ದೆವು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಗಂಡಸಿ ಕಡೆಯ ಸಣ್ಣ ರಾಗಿ ಹೊಲದ ಮನೆಯಿಂದ ಬಂದು, ನಮ್ಮ ವಂಶದಲ್ಲಿ ಮೊದಲು ಪೆನ್ನು ಹಿಡಿದವರು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮೇಷ್ಟರ ಟ್ರೈನಿಂಗನ್ನೂ ಮುಗಿಸಿದ್ದೆ. ಇಪ್ಪತ್ತು ತುಂಬಿತ್ತು. ನಮ್ಮ ಜನದಲ್ಲಿ ಅದು ಆಗಲೇ ತಡ ಎನ್ನುವ ವಯಸ್ಸು.

ಗಂಡು ಹಗರೆ ಕಡೆಯ ದೊಡ್ಡ ಹಿಡುವಳಿ ಮನೆಯವನು. ಗದ್ದೆ, ತೆಂಗಿನ ತೋಟ, ಎರಡು ಜೋಡಿ ಎತ್ತಿನ ಗಾಡಿ. ತಂದೆ ಇಲ್ಲ, ಸೋದರಮಾವನೇ ಆ ಮನೆಯ ಯಜಮಾನಿಕೆ ಮಾಡುತ್ತಿದ್ದ. ಹೆಣ್ಣು ನೋಡಲು ಬಂದಾಗಲೂ ಮಾತಾಡಿದವನು ಆ ಮಾವನೇ. ಹುಡುಗ ಹುಟ್ಟಿದ್ದು ಪ್ರಮೋದೂತ ಸಂವತ್ಸರದಲ್ಲಿ ಎಂದು ಹೇಳಿದ್ದ. ನಾನು ಹುಟ್ಟಿದ್ದು ಆಂಗೀರಸದಲ್ಲಿ. ಅಲ್ಲಿಗೆ ಅವನು ನನಗಿಂತ ಎರಡು ವರ್ಷ ದೊಡ್ಡವನು, ಎಲ್ಲ ಸರಿಯಾಗಿತ್ತು.

ಈ ಸಲ ಮಾವ ಜಗಲಿ ಹತ್ತಲಿಲ್ಲ. ಜೊತೆಗೆ ಬಂದ ಹಿರಿಯರನ್ನೂ ಕೂರಲು ಬಿಡಲಿಲ್ಲ. ಅಂಗಳದಲ್ಲೇ ನಿಂತು ಹೇಳಿದ: "ನಮ್ ಹುಡ್ಗ ಪ್ರಮೋದೂತ ಅಂದಿದ್ವಲ್ಲ, ಅದು ತಪ್ಪು ಲೆಕ್ಕ ಕಣ್ರೀ. ಅವ್ನು ಶ್ರೀಮುಖದಲ್ಲಿ ಹುಟ್ಟಿರೋದು. ಗಂಡಿಗಿಂತ ಹೆಣ್ಣು ದೊಡ್ಡೋಳಾದ್ರೆ ನಮ್ ಮನೇಲಿ ಆಗ್ಬರಲ್ಲ."

ಶ್ರೀಮುಖ ಬರುವುದು ಆಂಗೀರಸ ಕಳೆದ ಮೇಲೆ. ನನಗಿಂತ ಎರಡು ವರ್ಷ ದೊಡ್ಡವನಾಗಿದ್ದವನು ಒಂದೇ ಮಾತಿನಲ್ಲಿ ನನಗಿಂತ ಚಿಕ್ಕವನಾಗಿಬಿಟ್ಟ.

"ಹೋದ ತಿಂಗ್ಳು ನೀವೇ ಹೇಳಿದ್ದು..." ಎಂದರು ಅಪ್ಪ.

"ಹೇಳಿದ್ವಿ. ಅವ್ನ ತಾಯಿ ಈಗ ನೆಪ್ಪು ಮಾಡ್ಕಂಡ್ಳು."

ಬೀದಿಗೆ ಇಳಿದ ಮೇಲೆ, ಅಕ್ಕಪಕ್ಕದವರು ಬಾಗಿಲಿಗೆ ಬಂದದ್ದನ್ನು ನೋಡಿಕೊಂಡು, ಮತ್ತೊಂದು ಮಾತು ಸೇರಿಸಿದ. "ವಯಸ್ಸಾದ ಹೆಣ್ಣನ್ನ ತಂದು ಕಟ್ಟಕ್ಕೆ ನೋಡುದ್ರು, ಪುಣ್ಯಕ್ಕೆ ಉಳ್ಕಂಡ್ವಿ."

ಅಮ್ಮ ಹುರಿದ ಶ್ಯಾವಿಗೆಯನ್ನು ಒಲೆಯ ಮೇಲಿಂದ ಇಳಿಸುವುದನ್ನು ಮರೆತಿದ್ದಳು. ಮನೆಯೆಲ್ಲ ಸೀದ ವಾಸನೆ.

ಆ ವರ್ಷವೇ ಆ ಹುಡುಗನಿಗೆ ಅರಸೀಕೆರೆಯ ಕೊಬ್ಬರಿ ಮಂಡಿ ಸಾಹುಕಾರರ ಒಬ್ಬಳೇ ಮಗಳೊಂದಿಗೆ ಮದುವೆಯಾಯಿತು. ಮಂಡಿ ಇದ್ದದ್ದು ನಮ್ಮ ಬೀದಿಗೆ ಹತ್ತಿರ. ವಾಲಗದ ಸದ್ದು ನಮ್ಮ ಅಡಿಗೆಮನೆಯವರೆಗೂ ಬಂತು. ಆಗ ಅರ್ಥವಾಯಿತು, ಸಂವತ್ಸರ ಯಾಕೆ ಬದಲಾಯಿತೆಂದು. ಆದರೆ ಅರ್ಥವಾದದ್ದು ನಮಗೆ ಮಾತ್ರ. ಊರಿನವರ ಪಾಲಿಗೆ ನಾವು ಮಗಳ ವಯಸ್ಸು ಮುಚ್ಚಿಟ್ಟು ಮದುವೆ ಮಾಡಲು ಹೊರಟಿದ್ದವರು. ಆಮೇಲೆ ಬಂದ ಗಂಡುಗಳ ಕಡೆಯವರು ಕೂತ ತಕ್ಷಣ ನನ್ನ ವಯಸ್ಸನ್ನೇ ಕೇಳುತ್ತಿದ್ದರು. ಅಪ್ಪ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ತಂದು ತೋರಿಸಿದರೆ, ಒಬ್ಬ ಮುದುಕಿ ನಕ್ಕು, "ಕಚೇರಿ ಗುಮಾಸ್ತರ ಮನೇಲಿ ಕಾಗ್ದಕ್ಕೆ ಬರವಾ?" ಎಂದಳು. ಅಪ್ಪ ಅದಾದ ಮೇಲೆ ಸರ್ಟಿಫಿಕೇಟು ತೆಗೆಯಲಿಲ್ಲ. ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟರು. ತಾವಾಗಿ ಕೇಳಿಕೊಂಡು ಬೇಲೂರಿಗೆ ವರ್ಗ ಮಾಡಿಸಿಕೊಂಡರು. ನನಗೆ ಹಳೇಬೀಡಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಬೇಲೂರಿನಿಂದ ಬಸ್ಸು, ಸಂಜೆ ವಾಪಸು.

ಅವನನ್ನು ನಾನು ಮರೆತೆ ಎಂದು ಮನೆಯವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ಅವನ ಮುಖ ನನಗೆ ಸರಿಯಾಗಿ ನೆನಪೂ ಇರಲಿಲ್ಲ, ಒಂದು ಸಲ ತಲೆ ಬಗ್ಗಿಸಿಕೊಂಡು ನೋಡಿದ್ದಷ್ಟೇ. ಮಾವನ ದನಿ ಮಾತ್ರ ನೆನಪಿತ್ತು. ಮಕ್ಕಳಿಗೆ ಮಗ್ಗಿ ಹೇಳಿಸುವಾಗ, ಬಸ್ಸಿಗೆ ಕಾಯುವಾಗ, ತಲೆ ಬಾಚಿಕೊಳ್ಳುವಾಗ ಅದು ಕೇಳಿಸುತ್ತಿತ್ತು. ಆ ದನಿಯಿಂದಲೇ ಆ ಮಾತನ್ನು ವಾಪಸು ತೆಗೆಸಬೇಕು, ನಾಲ್ಕು ಜನರ ಎದುರಿಗೆ ತೆಗೆಸಬೇಕು ಎನ್ನುವ ಆಸೆ ಊಟದಲ್ಲೂ ನಿದ್ದೆಯಲ್ಲೂ ನನ್ನ ಜೊತೆಗಿತ್ತು. ಹೇಗೆಂದು ಗೊತ್ತಿರಲಿಲ್ಲ.

ಐವತ್ತೇಳರ ಚುನಾವಣೆ ಬಂತು. ಆ ಹುಡುಗ ನಮ್ಮ ಕಡೆಯ ಕ್ಷೇತ್ರದಿಂದ ವಿಧಾನಸಭೆಗೆ ನಿಂತ. ಹಿಂದೆ ಮಂಡಿ ಸಾಹುಕಾರರ ಲಾರಿಗಳು, ಜೀಪು. ನಾಮಪತ್ರ ಸಲ್ಲಿಸುವ ದಿನ ಕಚೇರಿಯಲ್ಲಿ ಆ ಕೆಲಸಕ್ಕೆ ಹಾಕಿದ್ದ ಗುಮಾಸ್ತರಲ್ಲಿ ಅಪ್ಪನೂ ಒಬ್ಬರು. ಅವನು ಬಂದಾಗ ಕುರ್ಚಿ ಸರಿಸಿ ಕೊಟ್ಟವರು ಅಪ್ಪನೇ. ಸೋದರಳಿಯನ ಪಕ್ಕ ನಿಂತಿದ್ದ ಆ ಸೋದರಮಾವ ಎಲ್ಲರಿಗೂ ಕೇಳುವಂತೆ, "ಏನ್ ಗುಮಾಸ್ತ್ರೇ, ಮಗಳಿಗೆ ಗಂಡು ಸಿಕ್ತಾ? ಇಲ್ಲ ಇನ್ನೂ ಹುಡುಕ್ತಾ ಇದ್ದೀರಾ?" ಎಂದನಂತೆ. ಕೆಲವರು ನಕ್ಕರಂತೆ. ಅಪ್ಪ ರಸೀದಿ ಬರೆದು ಕೊಟ್ಟರಂತೆ.

ಇದನ್ನು ಅಪ್ಪ ಅಮ್ಮನಿಗೆ ಹೇಳುತ್ತಿದ್ದರು, ನಾನು ನಡುಮನೆಯಲ್ಲಿ ಕೇಳಿಸಿಕೊಂಡೆ. ಹೇಳಿ ಮುಗಿಸಿದ ಮೇಲೆ ಅಪ್ಪ ಮುಖಕ್ಕೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ನಾಮಪತ್ರಗಳ ಪರಿಶೀಲನೆ ಮುಗಿದ ಸಂಜೆ ಅಪ್ಪ ಊಟಕ್ಕೆ ಕೂತಾಗ ಮಾತಿಗೆ ಹೇಳಿದರು: "ಬಾಣಾವರದೋರು ಒಬ್ರು ನಿಂತವ್ರಲ್ಲ, ಅವ್ರು ಈವತ್ತು ತಕರಾರು ಎತ್ತಿದ್ರು. ಹುಡ್ಗ ಮೀಸೆ ಬಲಿಯದೋನ ಥರ ಕಾಣ್ತಾನೆ, ಇಪ್ಪತ್ತೈದು ತುಂಬಿಲ್ಲ ಅಂತ."

"ತುಂಬಿರಬೇಕಾ?" ಎಂದೆ.

"ಹೂಂ ಕಣವ್ವ. ಓಟು ಹಾಕಕ್ಕೆ ಇಪ್ಪತ್ತೊಂದು ಸಾಕು. ನಿಲ್ಲಕ್ಕೆ ಇಪ್ಪತ್ತೈದು. ಸಂವಿಧಾನದಲ್ಲೇ ಬರೆದೈತೆ. ಆದ್ರೆ ಸುಮ್ನೆ ಅಂದ್ರೆ ಆಗಲ್ಲ, ಅಂದೋನೇ ರುಜುವಾತು ಕೊಡಬೇಕು. ಇವ್ರ ಹತ್ರ ಏನೂ ಇರ್ಲಿಲ್ಲ. ಮತದಾರರ ಪಟ್ಟೀಲಿ ಇಪ್ಪತ್ತಾರು ಅಂತ ಇತ್ತು. ಚುನಾವಣಾಧಿಕಾರಿ ಒಂದು ಗಳಿಗೆ ವಿಚಾರಿಸಿದ್ರು, ಪತ್ರ ಸರಿಯಾಗೈತೆ ಅಂದ್ರು."

"ಹಾಗಾದ್ರೆ ಮುಗೀತಾ?"

"ಎಲೆಕ್ಷನ್ ಮುಗಿಯೋಗಂಟ ಯಾವ ಕೋರ್ಟೂ ಕೈ ಹಾಕಂಗಿಲ್ಲ. ಆಮೇಲೆ ಬೇಕಾದ್ರೆ ಅರ್ಜಿ ಹಾಕ್ಬಹುದು. ಟ್ರಿಬ್ಯೂನಲ್ ಅಂತ ಕೂರಿಸ್ತಾರೆ. ಪ್ರಮಾಣ ಮಾಡ್ಸಿ ಸಾಕ್ಷಿ ಕೇಳ್ತಾರೆ."

ಪ್ರಮಾಣ ಮಾಡಿಸಿ. ಆ ಮಾತು ಕಿವಿಗೆ ಬಿದ್ದಾಗ ನನ್ನ ಕೈಯಲ್ಲಿ ಸಾರಿನ ಸೌಟಿತ್ತು. ನನಗೆ ಆಗ ಇಪ್ಪತ್ನಾಲ್ಕು. ನನಗೇ ಇಪ್ಪತ್ತೈದು ತುಂಬಿರಲಿಲ್ಲ. ಅಂಗಳದಲ್ಲಿ ನಿಂತು ಹೇಳಿದ ಮಾತು ನಿಜವಾಗಿದ್ದರೆ, ನನಗಿಂತ ಚಿಕ್ಕವನಾದ ಅವನಿಗೆ ತುಂಬಿರಲು ಸಾಧ್ಯವೇ ಇಲ್ಲ, ಅವನು ಶಾಸಕನಾಗಲಾರ. ಆ ಮಾತು ಸುಳ್ಳಾಗಿದ್ದರೆ, ಹಾಗೆಂದು ಅವರೇ ಒಪ್ಪಬೇಕು. ಎರಡರಲ್ಲಿ ಯಾವುದಾದರೂ ಸರಿ. ನಾನು ಅಪ್ಪನಿಗೆ ಸಾರು ಬಡಿಸಿದೆ. ಅವನು ಗೆಲ್ಲಲಿ ಎಂದು ಆ ತಿಂಗಳು ನಾನು ಬೇಡಿಕೊಂಡಷ್ಟು ಅವನ ತಾಯಿಯೂ ಬೇಡಿಕೊಂಡಿರಲಾರಳು.

ಅವನು ಗೆದ್ದ. ಹಳೇಬೀಡಿನಲ್ಲಿ ಶಾಲೆಯ ಮುಂದೆಯೇ ಮೆರವಣಿಗೆ ಹೋಯಿತು. ಮಕ್ಕಳು ಕಿಟಕಿಗೆ ಮುತ್ತಿದವು, ನಾನೂ ಹೋಗಿ ನಿಂತು ನೋಡಿದೆ. ಜೀಪಿನಲ್ಲಿ ಅವನಿಗಿಂತ ಹೆಚ್ಚು ಹಾರಗಳು ಮಾವನ ಕೊರಳಲ್ಲಿದ್ದವು.

ಮುಂದಿನ ಭಾನುವಾರ, ಗೆಳತಿಯ ಮನೆಗೆಂದು ಹೇಳಿ, ಹಳೇಬೀಡಿಗೆ ಹೋಗಿ ಅಲ್ಲಿಂದ ಬಾಣಾವರದ ಬಸ್ಸು ಹತ್ತಿದೆ. ಸೋತ ಅಭ್ಯರ್ಥಿಯ ಮನೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿತ್ತು. ಅರವತ್ತರ ಹತ್ತಿರದ ಮನುಷ್ಯ, ಬನಿಯನ್ನಿನಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಯಾರೋ ಮೇಷ್ಟ್ರಮ್ಮ ವರ್ಗಾವರ್ಗಿಗೆ ಶಿಫಾರಸು ಕೇಳಲು ಬಂದಿದ್ದಾಳೆಂದು ತಿಳಿದು, "ಸೋತೋನ ಹತ್ರ ಬಂದ್ರೆ ಏನ್ ಸಿಕ್ತೈತವ್ವ?" ಎಂದರು.

ನಾನು ಯಾರೆಂದು ಹೇಳಿದೆ. ಅವರು ಅಡಕೊತ್ತು ಕೆಳಗಿಟ್ಟರು.

"ಅವ್ರು ಮೊದ್ಲು ಪ್ರಮೋದೂತ ಅಂದ್ರು, ತಿಂಗಳಾದ ಮೇಲೆ ಅಂಗಳದಲ್ಲಿ ಜನದ ಮುಂದೆ ಶ್ರೀಮುಖ ಅಂದ್ರು," ಎಂದೆ. "ನಾನು ಎರಡನ್ನೂ ಹೇಳ್ತೀನಿ. ಯಾವುದು ನಿಜ ಅಂತ ನನಗೆ ಗೊತ್ತಿಲ್ಲ, ಅದನ್ನ ಅವ್ರೇ ಹೇಳಬೇಕು."

"ಶ್ರೀಮುಖ ಅಂತ ಅಷ್ಟು ಜನದ ಮುಂದೆ ಅಂದವ್ರಾ? ಅಷ್ಟು ಸಾಕು, ಬಿಡು."

"ನಾನು ಸರ್ಕಾರಿ ನೌಕರಿಯಲ್ಲಿದ್ದೀನಿ. ಸಮನ್ಸ್ ಕಳಿಸಿ. ಸಮನ್ಸ್ ಬಂದ್ರೆ ಬರದೇ ಇರೋ ಹಾಗಿಲ್ಲವಲ್ಲ."

ಅವರು, "ನಿನಗೂ ಅವರಿಗೂ ಇರೋ ಹಗೆ ದೊಡ್ಡದು ಕಣವ್ವ," ಎಂದು ಒಳಗಿನಿಂದ ಮಜ್ಜಿಗೆ ತರಿಸಿದರು.

ಅರ್ಜಿ ಹಾಕಿದರು. ಹಾಸನದಲ್ಲಿ ಟ್ರಿಬ್ಯೂನಲ್ ಕೂತಿತು. ಒಬ್ಬರೇ ಜಡ್ಜರು. ಶಾಲೆಗೆ ಸಮನ್ಸ್ ಬಂದ ದಿನ ಮನೆಯಲ್ಲಿ ದೊಡ್ಡ ರಂಪವಾಯಿತು. ಅಮ್ಮ, "ಮುಗಿದ ಮಾತನ್ನ ಕೋರ್ಟಿಗೆ ಎಳ್ಕೊಂಡು ಹೋಗ್ತೀಯೇನೇ, ಇನ್ನು ನಿನ್ನ ಯಾರು ಕಟ್ಕೋತಾರೆ?" ಎಂದು ಅತ್ತಳು. ಅಪ್ಪ ಸಮನ್ಸನ್ನು ಎರಡು ಸಲ ಓದಿ, "ಕರೆದ ಮೇಲೆ ಹೋಗ್ಲೇಬೇಕು," ಎಂದಷ್ಟೇ ಹೇಳಿ, ತಾವೂ ಒಂದು ದಿನ ರಜೆ ಬರೆದುಕೊಟ್ಟರು.

ಕೋರ್ಟಿನ ಹಾಲ್ ತುಂಬಿತ್ತು. ಮುಂದಿನ ಬೆಂಚಿನಲ್ಲಿ ಅವನು, ಅವನ ಪಕ್ಕ ಮಾವ, ಅವರ ಹಿಂದೆ ಜರತಾರಿ ಶಲ್ಯ ಹೊದ್ದ ಮಂಡಿ ಸಾಹುಕಾರರು. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಪ್ರಮಾಣ ಮಾಡಿದೆ. ಅರ್ಜಿದಾರರ ವಕೀಲರು ಕೇಳಿದ್ದಕ್ಕೆ ಮೊದಲ ಸಲ ಹೇಳಿದ ಸಂವತ್ಸರ, ಎರಡನೆಯ ಸಲ ಹೇಳಿದ ಸಂವತ್ಸರ, ಯಾರು ಯಾರು ಅಂಗಳದಲ್ಲಿ ನಿಂತಿದ್ದರು, ಎಲ್ಲ ಹೇಳಿದೆ. ನನ್ನ ಸರ್ಟಿಫಿಕೇಟು ಕೊಟ್ಟೆ. ಜಡ್ಜರು ಅದನ್ನು ನೋಡಿ, "ಅವರು ಹೀಗೆ ಹೇಳಿದರು ಅನ್ನೋದಕ್ಕೆ ನಿಮ್ಮ ಸಾಕ್ಷಿ. ಅವರು ಹೇಳಿದ್ದು ನಿಜವೇ ಅನ್ನೋದಕ್ಕಲ್ಲ, ಗೊತ್ತಲ್ಲವೇ?" ಎಂದರು.

"ಗೊತ್ತು ಸ್ವಾಮಿ."

ಆಮೇಲೆ ಅವನ ಕಡೆಯ ವಕೀಲರು ಎದ್ದರು. ಕನ್ನಡಕ ಹಣೆಗೆ ಏರಿಸಿಕೊಂಡು, ಮಗುವನ್ನು ಮಾತಾಡಿಸುವ ಹಾಗೆ ಶುರುಮಾಡಿದರು.

"ಈ ಸಂಬಂಧ ಮುರಿದದ್ದರಿಂದ ನಿಮಗೆ ಬಹಳ ನೋವಾಯ್ತು, ಅಲ್ಲವೇನಮ್ಮ?"

"ಆಯ್ತು."

"ಇವತ್ತಿನವರೆಗೂ ಮದುವೆ ಆಗಿಲ್ಲ?"

"ಇಲ್ಲ."

"ಇವರ ಮೇಲೆ ದ್ವೇಷ ಇದೆ?"

"ಇದೆ."

ಅವರು ನಾನು ಇಲ್ಲವೆನ್ನುವೆನೆಂದು ಕಾದಿದ್ದರು ಅಂತ ಕಾಣುತ್ತದೆ, ಸ್ವಲ್ಪ ತಡವರಿಸಿದರು. ಜಡ್ಜರೂ ತಲೆ ಎತ್ತಿದರು.

"ಆ ದ್ವೇಷ ತೀರಿಸಿಕೊಳ್ಳೋದಕ್ಕೆ ಇಲ್ಲಿ ಬಂದು ಸುಳ್ಳು ಹೇಳ್ತಾ ಇದ್ದೀರಿ."

"ದ್ವೇಷ ತೀರಿಸ್ಕೊಳ್ಳೋಕೆ ಬಂದಿದ್ದೀನಿ, ಅದು ನಿಜ. ಸುಳ್ಳು ಹೇಳಿದ್ರೆ ಅದು ತೀರಲ್ಲ ಸ್ವಾಮಿ. ಅದಕ್ಕೇ ನಿಜ ಹೇಳ್ತಿದ್ದೀನಿ."

ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ವಕೀಲರಿಗೆ ಸಿಟ್ಟು ಬಂತು. ನನ್ನನ್ನು ಅಲ್ಲಿಗೇ ಬಿಟ್ಟಿದ್ದರೆ ಅವರ ಕಕ್ಷಿಗಾರನಿಗೆ ಒಳ್ಳೆಯದಾಗುತ್ತಿತ್ತು. ಅವರು ಬಿಡಲಿಲ್ಲ. "ನಿಮ್ಮ ಕಡೆ ಏನೋ ದೋಷ ಕಂಡದ್ದಕ್ಕೇ ಇವರು ಸಂಬಂಧ ಬೇಡ ಅಂದದ್ದು, ಅಲ್ಲವೇ?" ಎಂದರು.

"ಹೌದು. ಹುಡುಗನಿಗಿಂತ ನಾನು ದೊಡ್ಡೋಳು ಅನ್ನೋದೇ ಆ ದೋಷ. ಬೇರೆ ಏನೂ ಹೇಳಲಿಲ್ಲ. ಬೇರೆ ಇದ್ರೆ ಯಜಮಾನರು ಇಲ್ಲೇ ಕೂತಿದ್ದಾರೆ, ಕೇಳಿ."

ನಾನು ಮಾವನ ಕಡೆ ಕೈ ತೋರಿಸಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮುಖ ನೋಡಿದ. ನಾನು ಕಣ್ಣು ಕೆಳಗಿಳಿಸಲಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಮಾವನನ್ನು ಕಟಕಟೆಗೆ ಕರೆದರು. ಶಾಸಕನ ವಕೀಲರು ಕೇಳಿದ್ದಕ್ಕೆ ಹುಡುಗ ಹುಟ್ಟಿದ್ದು ಪ್ರಮೋದೂತದಲ್ಲೇ ಎಂದು ಜೋರಾಗಿಯೇ ಹೇಳಿದ. ಹುಡುಗನ ಶಾಲೆಯ ದಾಖಲೆಯಲ್ಲಿ ಕಡಿಮೆ ಬರೆದಿರುವ ವಯಸ್ಸು ಮೇಷ್ಟರ ಅಂದಾಜು, ಅದನ್ನು ನಂಬಬೇಡಿ ಎಂದ. ಕೂರಲು ಹೊರಟವನನ್ನು ಅರ್ಜಿದಾರರ ವಕೀಲರು ನಿಲ್ಲಿಸಿದರು.

"ಈ ಹೆಣ್ಣುಮಗಳ ಮನೆಯಲ್ಲಿ ವೀಳ್ಯ ಬದಲಾಯಿಸಿದ್ದು ನಿಜವೇ?"

"ನಿಜ."

"ಆಮೇಲೆ ಬೇಡ ಅಂದಿದ್ದು?"

"ಅಂದ್ವಿ."

"ಯಾಕೆ?"

ಅವನು ಹೆಗಲ ಮೇಲಿನ ವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ವಕೀಲರೇ ಮುಂದುವರಿಸಿದರು. "ಹುಡುಗಿ ಹುಡುಗನಿಗಿಂತ ದೊಡ್ಡವಳು ಅಂದಿರೋ ಇಲ್ಲವೋ? ಯೋಚನೆ ಮಾಡಿ ಹೇಳಿ. ಆವತ್ತು ನಿಮ್ಮ ಜೊತೆ ಬಂದಿದ್ದ ಹಿರಿಯರು ಇಬ್ಬರು ಹೊರಗೆ ವರಾಂಡದಲ್ಲಿ ಕೂತಿದ್ದಾರೆ."

"ಅಂದಿದ್ದೆ."

"ಅದು ನಿಜವಾದರೆ ಈ ಶಾಸಕರಿಗೆ ವಯಸ್ಸು ಸಾಲದು. ಅದು ಸುಳ್ಳೇ?"

ಅವನು ಒಂದು ಸಲ ಅಳಿಯನನ್ನು ನೋಡಿದ, ಒಂದು ಸಲ ಅಳಿಯನ ಹಿಂದೆ ಕೂತ ಮಂಡಿ ಸಾಹುಕಾರರನ್ನು ನೋಡಿದ. ನೀರು ಕೇಳಿದ. ಕೊಟ್ಟರು. ಆ ಲೋಟ ಖಾಲಿಯಾಗುವಷ್ಟು ಹೊತ್ತು ನನ್ನ ಬದುಕಿನಲ್ಲಿ ನಾನು ಕಂಡ ಅತ್ಯಂತ ಸುಖದ ಹೊತ್ತು. ಇದನ್ನು ಓದಿ ಯಾರಾದರೂ ನನ್ನನ್ನು ಕೆಟ್ಟವಳೆಂದರೆ ಎನ್ನಲಿ.

"ಉತ್ತರ ಹೇಳಿ," ಎಂದರು ಜಡ್ಜರು.

"ಸುಳ್ಳು ಸ್ವಾಮಿ."

"ಯಾವುದು ಸುಳ್ಳು? ಬಿಡಿಸಿ ಹೇಳಿ."

"ಹುಡ್ಗೀನೇ ಚಿಕ್ಕೋಳು. ನಮ್ಮೋನೇ ದೊಡ್ಡೋನು. ಅವ್ರ ಮನೇಲಿ ಹೇಳಿದ್ದು ಸುಳ್ಳು."

"ಯಾಕೆ ಸುಳ್ಳು ಹೇಳಿದಿರಿ?"

"ಮಂಡಿಯೋರ ಸಂಬಂಧ ಬಂತು. ವೀಳ್ಯ ಆಗೋಗಿತ್ತು. ಬಿಡಕ್ಕೆ ಏನಾರ ಒಂದು ಬೇಕಿತ್ತು."

"ಹುಡುಗಿಯ ಕಡೆ ಏನಾದರೂ ದೋಷವಿತ್ತೇ?"

"ಇಲ್ಲ."

ಗುಮಾಸ್ತ ಅದನ್ನು ಬರೆದುಕೊಂಡ. ಮಂಡಿ ಸಾಹುಕಾರರು ಎದ್ದು, ಶಲ್ಯ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ನಮ್ಮ ಮನೆಯ ವೀಳ್ಯ ಮುರಿದದ್ದು ತಮ್ಮ ಮಗಳನ್ನು ತಂದುಕೊಳ್ಳುವುದಕ್ಕಾಗಿ ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ನನ್ನ ವಯಸ್ಸಿನ ಮಾತನ್ನೇ ನಂಬಿದ್ದರೆಂದು ಆಮೇಲೆ ಕೇಳಿದೆ. ಮತ್ತೊಬ್ಬಳ ವೀಳ್ಯ ಮುರಿಸಿ ಮಗಳನ್ನು ಕೊಡುವುದನ್ನು ನಮ್ಮ ಜನದಲ್ಲಿ ಪಾಪವೆಂದೇ ತಿಳಿಯುತ್ತಾರೆ.

ಅರ್ಜಿ ವಜಾ ಆಯಿತು. ಹುಡುಗನಿಗೆ ಇಪ್ಪತ್ತಾರು, ಯೋಗ್ಯತೆಯಲ್ಲಿ ಕೊರತೆಯಿಲ್ಲ ಎಂದು ತೀರ್ಪು ಬಂತು. ಅವನ ಸ್ಥಾನ ಉಳಿಯಿತು. ಬಾಣಾವರದವರಿಗೆ ಅದು ಮೊದಲೇ ಗೊತ್ತಾಗಿತ್ತು, ಸಾಕ್ಷಿ ಮುಗಿದ ದಿನವೇ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ನನ್ನದು ಹೋಯ್ತು. ನಿನ್ನ ಕೆಲಸ ಆಯ್ತಲ್ಲವ್ವ?" ಎಂದರು. ದನಿಯಲ್ಲಿ ಸಿಟ್ಟಿತ್ತು, ಸ್ವಲ್ಪ ನಗುವೂ ಇತ್ತು.

"ಆಯ್ತು," ಎಂದೆ.

ಆ ಸಂಜೆಯೇ ಅಪ್ಪನ ಜೊತೆ ಬೇಲೂರಿನ ಬಸ್ಸು ಹತ್ತಿದೆ. ಅಪ್ಪ ಕಿಟಕಿಯ ಹತ್ತಿರ ಕೂತರು. ಬಸ್ಸು ಹಗರೆಯಲ್ಲಿ ನಿಂತಿತು. ಹಾಸನಕ್ಕೆ ಕಚೇರಿ ಕೆಲಸಕ್ಕೆ ಹೋಗಿಬರುವಾಗಲೆಲ್ಲ ಅಪ್ಪ ಆ ಜಾಗ ದಾಟುವವರೆಗೆ ಪೇಪರು ಮುಖಕ್ಕೆ ಹಿಡಿದಿರುತ್ತಿದ್ದರು. ಈ ಸಲ ಎದ್ದು, ಕಂಡಕ್ಟರನಿಗೆ ಒಂದು ನಿಮಿಷ ಇರಪ್ಪಾ ಎಂದು ಹೇಳಿ, ಇಳಿದು ರಸ್ತೆಬದಿಯ ಟೀ ಅಂಗಡಿಗೆ ಹೋದರು. ನಾನೂ ಹಿಂದೆ ಹೋದೆ. ಬೆಂಚಿನ ಮೇಲೆ ಊರಿನವರು ಕೆಲವರು ಕೂತಿದ್ದರು.

"ಎಲ್ಲಿಂದ ಬಂದ್ರಿ?" ಎಂದ ಅಂಗಡಿಯವನು, ಲೋಟ ತೊಳೆಯುತ್ತಾ.

"ಹಾಸನದಿಂದ. ಕೋರ್ಟಿಂದ," ಎಂದರು ಅಪ್ಪ. ಅಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಇವ್ಳು ನನ್ ಮಗಳು. ನಿಮ್ಮೂರ ಕಡೆ ಯಜಮಾನ್ರು ಇವಳ ವಯಸ್ಸಿನ ಬಗ್ಗೆ ಹೇಳಿದ್ದೆಲ್ಲ ಸುಳ್ಳು ಅಂತ ಈವತ್ತು ಜಡ್ಜರ ಮುಂದೆ ಒಪ್ಕಂಡವ್ರೆ. ನೀವೂ ಕೇಳಿದ್ರಲ್ಲ, ನಾಲ್ಕು ಜನಕ್ಕೆ ಹೇಳಿ."

ಅಪ್ಪ ನಿಧಾನವಾಗಿ ಟೀ ಕುಡಿದರು. ಕಂಡಕ್ಟರ್ ಎರಡು ಸಲ ಸೀಟಿ ಊದಿದರೂ ಅವಸರ ಮಾಡಲಿಲ್ಲ.

ಆ ಬೆಂಚಿನ ಮೇಲಿದ್ದವರು ನಾಲ್ಕು ಜನಕ್ಕಲ್ಲ, ನಾಲ್ಕು ಹೋಬಳಿಗೆ ಹೇಳಿದರು. ಶಾಸಕನಾದವನು ಯಾವ ಊರಿಗೆ ಹೋದರೂ ಹಿಂದಿನಿಂದ "ಏನ್ಲಾ, ನಿಂದು ಯಾವ ಸಂವತ್ಸರ?" ಎಂದು ಯಾರಾದರೂ ಕೂಗುತ್ತಿದ್ದರಂತೆ. ಮುಂದಿನ ಚುನಾವಣೆಗೆ ಮಂಡಿಯ ಲಾರಿಗಳು ಬರಲಿಲ್ಲ. ಅವನು ಸೋತ, ಮತ್ತೆ ನಿಲ್ಲಲಿಲ್ಲ. ಅವನ ಹೆಂಡತಿಯ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ. ಅವಳ ಮನೆಯಲ್ಲಿ ಆಮೇಲೆ ಏನಾಯಿತೆಂದು ನಾನು ವಿಚಾರಿಸಲಿಲ್ಲ.

ತೀರ್ಪಿನ ಮಾರನೆಯ ವರ್ಷ ನನಗೆ ಮದುವೆಯಾಯಿತು. ಅವರು ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು, ಗಂಡಸಿಯವರು. ಹೆಣ್ಣು ನೋಡಲು ಬಂದ ದಿನ ನಾನೇ ಕೇಳಿದೆ, "ನಿಮಗೆ ಎಷ್ಟು ವಯಸ್ಸು?" ಎಂದು. ಅವರು ನಗುತ್ತಾ ಹೇಳಿದರು. ನನಗಿಂತ ಒಂದು ವರ್ಷ ಚಿಕ್ಕವರು. ಆಗಬಹುದು ಎಂದೆ.

ಅರವತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಆ ಮಾವ ತೀರಿಕೊಂಡ ಸುದ್ದಿ ಬಂತು. ನಮ್ಮ ಕಡೆ ಎಂಥ ಹಗೆಯಿದ್ದರೂ ಸಾವಿಗೆ ಹೋಗುವುದು ರೂಢಿ. ಅಮ್ಮ ಹೇಳಿಕಳಿಸಿದ್ದಳು, "ಸತ್ತೋರ ಮೇಲೆ ಎಂಥ ಸಿಟ್ಟು, ಒಂದು ಗಳಿಗೆ ಹೋಗಿ ಮುಖ ನೋಡ್ಕೊಂಡು ಬಾ." ನನ್ನ ಗಂಡ ಸೈಕಲ್ಲು ಹೊರಗೆ ತೆಗೆದು, ಬಸ್‌ಸ್ಟ್ಯಾಂಡಿನವರೆಗೆ ಬಿಡಲೇ ಎಂದು ಕೇಳಿದರು.

"ಶಾಲೆಗೆ ಬಿಡಿ," ಎಂದೆ.